ಚಿಕೋರಿಯ ಪರ ವಕಾಲತ್ತು

ಬೆಂಗಳೂರಿನ ಇಂದಿರಾನಗರದ 12ನೇ ಮೇನ್, 100 ಅಡಿ ರಸ್ತೆಯ ಹೊಸ ಕಾಫಿ ಶಾಪುಗಳಲ್ಲಿ ಚಿಕೋರಿ (ಕಾಫಿಪುಡಿಗೆ ಬೆರೆಸುವ ಹುರಿದ ಬೇರು) ಎಂದರೆ ಬೈಗುಳ. ತೋಟದ ಹೆಸರು, ಅದರ ಎತ್ತರ, ಹಣ್ಣು ಒಣಗಿಸಿದ ಬಗೆ ಎಲ್ಲವೂ ಮೆನು ಕಾರ್ಡಿನಲ್ಲಿ ಇರುತ್ತವೆ. ಜೊತೆಗೆ ಬಾಬಾ ಬುಡನ್ ಮೋಕಾದಿಂದ ತಂದ ಏಳು ಬೀಜಗಳ ಕಥೆ. ಅದು ನಮಗೆಲ್ಲ ಬಾಯಿಪಾಠ, ಬಿಡಿ. ನನ್ನ ತಕರಾರು ಆ ಕಾರ್ಡಿನ ಹಿಂದಿರುವ ಮಡಿವಂತಿಕೆಯ ಬಗ್ಗೆ.

ಅಲ್ಲಿಂದ ಹಲಸೂರು ದೂರವಿಲ್ಲ. ಕಾಫಿಪುಡಿ ಅಂಗಡಿಯಲ್ಲಿ ಗಿರಾಕಿ ‘ಪೀಬೆರಿ, ಪ್ಲಾಂಟೇಶನ್ ಅರ್ಧರ್ಧ, ಚಿಕೋರಿ ಇಪ್ಪತ್ತು’ ಎನ್ನುತ್ತಾನೆ. ಬೀಜದ ಬಗೆ ಎರಡು, ಚಿಕೋರಿ ನೂರಕ್ಕೆ ಇಪ್ಪತ್ತು: ಇದು ಪಕ್ಕಾ ರುಚಿಯ ಲೆಕ್ಕ. ಆ ಪುಡಿಯನ್ನು ಫಿಲ್ಟರಿನ ಮೇಲಿನ ಬಟ್ಟಲಿಗೆ ಹಾಕಿ, ಒತ್ತುಬಿಲ್ಲೆಯಿಂದ ಮೆಲ್ಲಗೆ ಅದುಮಿ, ಕುದಿಯುವ ನೀರು ಹೊಯ್ದು ಮುಚ್ಚಿದರೆ ಏನಾಗುತ್ತದೆ? ಹುರಿದ ಚಿಕೋರಿಯಲ್ಲಿ ನೀರಿಗೆ ಬಿಡುವ ಸಾರ ಕಾಫಿಯ ಎರಡು ಪಟ್ಟಿಗೂ ಹೆಚ್ಚು. ಅದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿದು ಗಟ್ಟಿಯಾಗುತ್ತದೆ. ಬೇರಿನಲ್ಲಿರುವ ಇನುಲಿನ್ ಎಂಬ ನಾರು ಹುರಿದಾಗ ಕಂದಿ, ಸುಟ್ಟ ಸಕ್ಕರೆಯ ಕಹಿ ಕೊಡುತ್ತದೆ. ಅಸಲು ಕೆಲಸ ಶುರುವಾಗುವುದು ಹಾಲು ಬಿದ್ದ ಮೇಲೆ. ಅರೇಬಿಕಾದ ಹಣ್ಣಿನ ಹುಳಿ, ಹೂವಿನ ಪರಿಮಳ ಬಿಸಿಹಾಲಿನಲ್ಲಿ ಹೇಳಹೆಸರಿಲ್ಲದೆ ಮುಳುಗುತ್ತವೆ. ಹಾಲಿನ ಸಿಹಿಗೆ ಎದುರು ನಿಲ್ಲುವುದು ಈ ಕಂದುಕಹಿ. ಹಾಲು, ಸಕ್ಕರೆ ಬೆರೆತ ಮೇಲೂ ಲೋಟದಲ್ಲಿ ಕಾಫಿ ಉಳಿದಿರುವಂತೆ ಕಾಣುವುದು ಅದರಿಂದಲೇ. ಕಾಗದದ ಫಿಲ್ಟರಿನಲ್ಲಿ ಪುಡಿಯ ಮೇಲೆ ನೀರು ಸುರಿದು ಮೂರು ನಾಲ್ಕು ನಿಮಿಷದಲ್ಲಿ ಇಳಿಸುವ ತೆಳುಕಾಫಿಯನ್ನು ಹಾಲಿಲ್ಲದೆ ಕುಡಿಯುತ್ತಾರೆ. ಅದರ ಅಳತೆಗೋಲಿನಿಂದ ಇದನ್ನು ಅಳೆಯುವುದೇ ತಪ್ಪು.

ನಮ್ಮ ರುಚಿಪಂಡಿತರು ಇಲ್ಲೊಂದು ಇತಿಹಾಸ ಹೇಳುತ್ತಾರೆ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿಗೆ ಬರ ಬಂದು ಫ್ರಾನ್ಸಿನಲ್ಲಿ ಚಿಕೋರಿ ಹಬ್ಬಿತು, ಆದ್ದರಿಂದ ಅದು ಬಡತನದ ಬದಲಿ ಮಾಲು ಅನ್ನುವುದು ಅವರ ವಾದ. ಸರಿ, ದಿಗ್ಬಂಧನ ಮುಗಿದು ಕಾಫಿ ಮತ್ತೆ ಬಂತಲ್ಲ, ಫ್ರೆಂಚರು ಚಿಕೋರಿ ಬಿಟ್ಟರೇ? ಬಿಡಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸಿನವರು ಇಂದಿಗೂ ಅದನ್ನು ಹಾಲಿನೊಂದಿಗೇ ಕುಡಿಯುತ್ತಾರೆ. ಕಾಫಿಯ ಚರಿತ್ರೆಯೇ ಹಾಗೆ: ಯೆಮನಿನಲ್ಲಿ 15ನೇ ಶತಮಾನದ ಸೂಫಿಗಳು ರಾತ್ರಿಯ ಧ್ಯಾನಕ್ಕೆ ನಿದ್ದೆಗೆಡಲು ಕುಡಿದ ಪಾನೀಯ, ಹೋದಲ್ಲೆಲ್ಲ ಏನನ್ನಾದರೂ ಕೂಡಿಸಿಕೊಂಡೇ ಊರಿನದಾಯಿತು. ಯೆಮನಿನವರು ಕಾಫಿಹಣ್ಣಿನ ಒಣಸಿಪ್ಪೆಗೆ ಶುಂಠಿ ಹಾಕಿದರು, ಅರಬರು ಏಲಕ್ಕಿ ಹಾಕಿದರು. (ಶಿವಾಜಿನಗರದ ಸುಲೈಮಾನಿ ಚಹಾಕ್ಕೆ ನಿಂಬೆರಸ ಹಿಂಡಿದವನನ್ನು ಕಲಬೆರಕೆಯವನು ಎಂದು ಯಾರೂ ಕರೆದಿಲ್ಲ.)

ಇನ್ನು ಶುದ್ಧ ಬೀಜದ ಮಾತು. ಈ ಹೊಸ ಶಾಪಿನವರು ಹೆಮ್ಮೆಯಿಂದ ಬಡಿಸುವ ಎಸ್.795 ತಳಿಯನ್ನು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟಿತು. ಅದರ ವಂಶದಲ್ಲಿ ಅರೇಬಿಕಾದ ಜೊತೆಗೆ ಲಿಬೆರಿಕಾ ಕಾಫಿಯ ರಕ್ತವೂ ಇದೆ. ಎಲೆತುಕ್ಕು ರೋಗ ತಡೆಯಲೆಂದು ಮಾಡಿಕೊಂಡ ಬೆರಕೆ ಅದು. ಗಿಡದಲ್ಲಿ ಬೆರೆತರೆ ವಿಜ್ಞಾನ, ಪುಡಿಯಲ್ಲಿ ಬೆರೆತರೆ ಮೋಸವೇ?

ಮೋಸ ಇಲ್ಲವೆಂದಲ್ಲ. ಚಿಕೋರಿ ಅಗ್ಗ, ಕಾನೂನು ನೂರಕ್ಕೆ 49ರವರೆಗೆ ಬಿಡುತ್ತದೆ, ಕೆಲವು ವ್ಯಾಪಾರಿಗಳು ಆ ಗಡಿಯಲ್ಲೇ ಅಂಗಡಿ ಇಟ್ಟಿದ್ದಾರೆ. ಮೂವತ್ತು ದಾಟಿದರೆ ಲೋಟದಲ್ಲಿ ಬಣ್ಣವೇ ಹೊರತು ಕಾಫಿ ಇರುವುದಿಲ್ಲ. ಆ ತಪ್ಪು ಪ್ರಮಾಣದ್ದು, ಬೇರಿನದಲ್ಲ. ಪೊಟ್ಟಣದ ಮೇಲೆ ಚಿಕೋರಿ ಎಷ್ಟೆಂದು ಅಚ್ಚಾಗಿರಲೇಬೇಕು, ನೋಡಿ ಕೊಳ್ಳಿ. ಹಾಲು ಹಾಕುವವರಿಗೆ ಇಪ್ಪತ್ತು ಸಾಕು. ಹಾಲು ಬೇಡವೆನ್ನುವವರಿಗೆ ಚಿಕೋರಿಯೂ ಬೇಡ.