ಸೋತ ಅನುಕರಣೆಯ ಗೆಲುವು

ಹಿಪ್ ಹಾಪ್ ಹಾಡು ಕಿವಿಗೆ ಬಿದ್ದಾಗ ನಮ್ಮಲ್ಲಿ ಅನೇಕರು ಆಡುವ ಮಾತೊಂದಿದೆ: 'ಇದು ಸಂಗೀತವಲ್ಲ, ಯಂತ್ರದ ಗದ್ದಲ'. ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅಂಥ ಹಾಡಿನ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಸ್ನೇರ್ ಪೆಟ್ಟು ಎಷ್ಟೋ ಸಲ ಯಾವ ಡ್ರಮ್ಮಿನಿಂದಲೂ ಹುಟ್ಟಿದ್ದಲ್ಲ, ವಿದ್ಯುತ್ತಿನಿಂದ ಕಟ್ಟಿದ್ದು. ಹಾಗಾದರೆ ಅದರಲ್ಲಿ ಮನುಷ್ಯನ ಪಾಲೇನು?

ನಿಜವಾದ ಸ್ನೇರ್ ಡ್ರಮ್ಮಿನ ಸದ್ದಿನಲ್ಲಿ ಎರಡು ಅಂಶಗಳಿವೆ. ಮೇಲಿನ ಹೊದಿಕೆಗೆ ಕೋಲು ಬಿದ್ದಾಗ ಏಳುವ ನಾದ ಒಂದು. ಕೆಳಹೊದಿಕೆಗೆ ತಾಗಿಕೊಂಡ ತಂತಿಗಳು ಅದುರಿದಾಗ ಹೊರಡುವ 'ಝರ್' ಎಂಬ ಸದ್ದು ಇನ್ನೊಂದು. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿ ಹೊರತಂದ ಟಿಆರ್-808 ಯಂತ್ರ ಇವೆರಡನ್ನೂ ಬೇರೆಬೇರೆಯಾಗಿ ಕಟ್ಟಿತು. ನಾದಕ್ಕೆ ಎರಡು ಸರ್ಕ್ಯೂಟುಗಳು, ಒಂದು ತಗ್ಗು ಸ್ವರಕ್ಕೆ, ಒಂದು ಎತ್ತರದ ಸ್ವರಕ್ಕೆ. ತಂತಿಯ ಸದ್ದಿಗೆ ಸೋಸಿದ ನಾಯ್ಸ್. ಬಳಸುವವನ ಕೈಗೆ ಕೊಟ್ಟದ್ದು ಮೂರೇ ತಿರುಗುಗುಂಡಿಗಳು: ಲೆವೆಲ್, ಟೋನ್, ಸ್ನ್ಯಾಪಿ.

ಅನುಕರಣೆಯಾಗಿ ಅದು ಸೋತಿತು. ಅದೇ ವರ್ಷ ಬಂದ ಲಿನ್ ಎಲ್‌ಎಂ-1ರಲ್ಲಿ ನಿಜವಾದ ಡ್ರಮ್ಮಿನ ಧ್ವನಿಮುದ್ರಣವೇ ಇತ್ತು. ಆದರೆ ಅದರ ಬೆಲೆ ಸುಮಾರು 5,000 ಡಾಲರ್. 808ರದು 1,195. ತಯಾರಿಕೆ ನಿಂತ ಮೇಲೆ ಅದು ಹಳೆ ಸಾಮಾನಾಗಿ ಇನ್ನೂ ಅಗ್ಗಕ್ಕೆ ಸಿಕ್ಕಿತು. ವಾದ್ಯವೃಂದ ಕಟ್ಟಲು ಹಣವಿಲ್ಲದವರ ಕೈಗೆ ಒಂದು ತಾಳ ದೊರೆತದ್ದು ಹೀಗೆ. ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸಾನಿಕ್ ಫೋರ್ಸ್ 1982ರಲ್ಲಿ ನ್ಯೂಯಾರ್ಕಿನಲ್ಲಿ 'ಪ್ಲಾನೆಟ್ ರಾಕ್' ಮುದ್ರಿಸಿದಾಗ ಈ ಯಂತ್ರದ ಸದ್ದನ್ನು ಬಚ್ಚಿಡಲಿಲ್ಲ, ಮುಂದಕ್ಕೇ ತಂದರು. ಡ್ರಮ್ಮಿನಂತೆ ಕೇಳಿಸದಿರುವುದೇ ಅದರ ಗುಣವಾಯಿತು.

ಮನುಷ್ಯನ ಪಾಲು ಇರುವುದು ಇಲ್ಲಿಯೇ. ರ್‍ಯಾಪ್ ಎಂದರೆ ಮಾತು. ಮಾತಿನ ಸ, ಶ, ಚ ಅಕ್ಷರಗಳ ಸದ್ದೂ ಸ್ನೇರಿನ ನಾಯ್ಸೂ ಹೆಚ್ಚುಕಡಿಮೆ ಒಂದೇ ಎತ್ತರದ ಜಾಗದಲ್ಲಿ ವಾಸಿಸುತ್ತವೆ. ನಾಯ್ಸ್ ಉದ್ದವಾದರೆ ಅಕ್ಷರ ಮುಚ್ಚಿಹೋಗುತ್ತದೆ. ತೀರಾ ಗಿಡ್ಡವಾದರೆ ಪೆಟ್ಟು ಸಪ್ಪೆಯಾಗುತ್ತದೆ. ನಾದದ ಭಾಗ ದಪ್ಪವಾದರೆ ಕೆಳಗಿನ ಬೇಸ್ ಕೆಸರಾಗುತ್ತದೆ. ಇದನ್ನು ತೂಗುವುದು ಯಂತ್ರವಲ್ಲ, ಕಿವಿ. ಒಳ್ಳೆಯ ಸ್ನೇರ್ ಮಾತಿಗೆ ದಾರಿ ಬಿಟ್ಟುಕೊಡುತ್ತದೆ.

ನಮ್ಮ ದೂರು ಬೇರೆಯೇ ಇದೆ. ಇಂದು ಸಿದ್ಧ ಸ್ನೇರುಗಳು ಸಾವಿರಗಟ್ಟಲೆ ಮಾರಾಟಕ್ಕಿವೆ. 2017ರಲ್ಲಿ ರೋಲ್ಯಾಂಡ್ ಕಂಪೆನಿಯೇ ಟಿಆರ್-08 ಎಂಬ ಹೆಸರಿನಲ್ಲಿ ತನ್ನ ಹಳೆಯ ಯಂತ್ರವನ್ನು ಡಿಜಿಟಲ್ ಆಗಿ ನಕಲು ಮಾಡಿತು. ಅನುಕರಣೆಯಲ್ಲಿ ಸೋತು ಗೆದ್ದ ಸದ್ದು ಈಗ ತಾನೇ ಅನುಕರಣೆಯ ವಸ್ತು! ಹಾಡಿನಿಂದ ಹಾಡಿಗೆ ಅದೇ ಪೆಟ್ಟು, ಮೇಲೆ ಯಾರ ಮಾತಿದ್ದರೂ ಸರಿ. 'ಯಂತ್ರದ ಗದ್ದಲ' ಎಂಬ ಆಕ್ಷೇಪ ನಿಜವಾಗುವುದು ಇಂಥ ಕಡೆ. ಯಂತ್ರ ಬಂದದ್ದು ತಪ್ಪಲ್ಲ, ಅದು ಬಂದ ಮೇಲೆ ನಾವು ಕೇಳುವುದನ್ನು ಬಿಟ್ಟದ್ದು ತಪ್ಪು. ಹೊಸಬರು ಸಿದ್ಧ ಸರಕನ್ನು ಬದಿಗಿಟ್ಟು, ಒಂದು ನಾದ, ಒಂದಿಷ್ಟು ನಾಯ್ಸ್ ಹಿಡಿದು ತಮ್ಮ ಮಾತಿಗೊಪ್ಪುವ ಪೆಟ್ಟನ್ನು ತಾವೇ ಕಟ್ಟಿಕೊಳ್ಳಲಿ. ಬಡವರಿಗೆ ದನಿ ಕೊಟ್ಟ ಯಂತ್ರಕ್ಕೆ ಸಲ್ಲಿಸಬಹುದಾದ ಗೌರವ ಅದು.