ಎಲುಬು ಎಲ್ಲಿಂದ ಶುರು?

ಚಿಂಚಲಿ, ರಾಯಬಾಗ, ಕುಡಚಿ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಮೊದಲು ನೆನಪಾಗುವುದು ಮಿರಜ. 1894ರಲ್ಲಿ ವಿಲಿಯಂ ವಾನ್‌ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಮಹಾರಾಷ್ಟ್ರ ಗಡಿಯ ಈಚೆಯ ಕನ್ನಡಿಗರು ಇಂದಿಗೂ ಚಿಕಿತ್ಸೆಗೆಂದು ರೈಲು ಹತ್ತಿ ಆ ಊರಿಗೆ ಹೋಗುತ್ತಾರೆ. ಸಿಟಿ ಸ್ಕ್ಯಾನ್ ಮಾಡಿಸಿ ಬಂದವರ ಕೈಯಲ್ಲೊಂದು ದೊಡ್ಡ ಕವರು, ಅದರಲ್ಲಿ ಕಪ್ಪು ಫಿಲ್ಮು, ಕೇಳಿ ಪಡೆದಿದ್ದರೆ ಒಂದು ಸಿ.ಡಿ. ಫಿಲ್ಮನ್ನು ಮನೆಮಂದಿಯೆಲ್ಲ ಬೆಳಕಿಗೆ ಹಿಡಿದು ನೋಡುತ್ತಾರೆ. ಸಿ.ಡಿ. ಮಾತ್ರ ಕವರಿನಲ್ಲೇ ಉಳಿಯುತ್ತದೆ. ಕೋಡ್ ಬರೆದು ದೇಹದ ಮೂರು ಆಯಾಮದ ರೂಪ ಮೂಡಿಸುವ ಹವ್ಯಾಸಿಗೆ ಬೇಕಾದದ್ದು ಆ ಸಿ.ಡಿ.ಯೇ.

ಅದರಲ್ಲಿರುವುದು ಡೈಕಾಮ್ ಫೈಲುಗಳು. ಒಂದೊಂದು ಫೈಲು ದೇಹದ ಒಂದೊಂದು ಅಡ್ಡಸೀಳು. ಪ್ರತಿ ಸೀಳಿನಲ್ಲಿ ಸಾಮಾನ್ಯವಾಗಿ 512 ಸಾಲು, 512 ಕಂಬಸಾಲು. ಅಂಥ 400 ಸೀಳು ಸೇರಿದರೆ ಹತ್ತು ಕೋಟಿಗೂ ಮೀರಿದ ಸಂಖ್ಯೆಗಳಾಗುತ್ತವೆ. ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ, ಗಟ್ಟಿ ಎಲುಬಿಗೆ ಸಾವಿರಕ್ಕೂ ಹೆಚ್ಚು: ಇದು ಸಿಟಿ ಯಂತ್ರದ ಜನಕ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರಿನ ಅಳತೆಗೋಲು. ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆದದ್ದು 1971ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಕ್ಷಕಿರಣ ಚಿತ್ರಗಳಿಂದ ಒಳರೂಪವನ್ನು ಮರಳಿ ಕಟ್ಟುವ ವೇಗದ ಗಣಿತ ಪ್ರಕಟಿಸಿದ್ದೂ ಅದೇ ವರ್ಷ. ಅವರಿಬ್ಬರ ಹೆಸರಿನ 'ರಾಮ್-ಲಕ್' ಫಿಲ್ಟರ್ ಇಂದಿಗೂ ಈ ವಿದ್ಯೆಯ ಪಠ್ಯಗಳಲ್ಲಿದೆ.

ಇಷ್ಟೆಲ್ಲ ಸಂಖ್ಯೆಗಳಿದ್ದರೂ ಅವುಗಳಲ್ಲಿ ಎಲುಬಿನ ಮೇಲ್ಮೈ ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಈ ಹವ್ಯಾಸದ ಜೀವಾಳ ಇಲ್ಲಿದೆ. ಕೋಡ್ ಬರೆಯುವವರು ಒಂದು ಸಂಖ್ಯೆ ಆರಿಸಬೇಕು, 300 ಎಂದಿಟ್ಟುಕೊಳ್ಳೋಣ. ಅದಕ್ಕಿಂತ ಹೆಚ್ಚಿರುವುದು ಎಲುಬು, ಕಡಿಮೆಯಿರುವುದು ಅಲ್ಲ. ಕುಡಚಿ ಹತ್ತಿರ ಕೃಷ್ಣೆಗೆ ಮಹಾಪೂರ ಬಂದಾಗ ನೀರು ಏರಿದಂತೆಲ್ಲ ದಂಡೆ ಹೊಲದೊಳಗೆ ಸರಿಯುತ್ತದೆ. ನೆಲ ಮೊದಲಿನದೇ, ಅಂಚು ಮಾತ್ರ ಬೇರೆ. ಥ್ರೆಶೋಲ್ಡ್ ಎಂದು ಕರೆಯುವ ಈ ಸಂಖ್ಯೆಯೂ ಹಾಗೆಯೇ. 300ರ ತಲೆಬುರುಡೆ ಬೇರೆ, 150ರದು ಬೇರೆ.

ಅಂಚು ಹಾಯುವ ಜಾಗಗಳನ್ನು ಜೋಡಿಸಿ ಮೇಲ್ಮೈ ಹೆಣೆಯುವ ಸೊಗಸಾದ ದಾರಿಯನ್ನು ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ತೋರಿಸಿದರು. ಇಬ್ಬರೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದವರು. ವಿಧಾನದ ಹೆಸರು 'ಮಾರ್ಚಿಂಗ್ ಕ್ಯೂಬ್ಸ್'. ಅಕ್ಕಪಕ್ಕದ ಎಂಟು ಬಿಂದುಗಳು ಸೇರಿ ಒಂದು ಪುಟ್ಟ ಘನ. ಪ್ರತಿ ಮೂಲೆ ಥ್ರೆಶೋಲ್ಡಿನ ಮೇಲಿರಬೇಕು, ಇಲ್ಲವೇ ಕೆಳಗಿರಬೇಕು. ಎಂಟು ಮೂಲೆಗಳಿಗೆ 256 ಸಾಧ್ಯತೆ. ತಿರುಗಿಸಿ, ಒಳಹೊರಗು ಅದಲುಬದಲು ಮಾಡಿ ನೋಡಿದರೆ ಉಳಿಯುವುದು ಬರೀ 15 ಮಾದರಿ. ಯಾವ ಮಾದರಿಗೆ ಯಾವ ತ್ರಿಕೋನಗಳು ಎಂಬ ಪಟ್ಟಿಯನ್ನು ಮೊದಲೇ ಬರೆದಿಟ್ಟರೆ ಕಂಪ್ಯೂಟರು ಘನದಿಂದ ಘನಕ್ಕೆ ಸಾಗುತ್ತ ಪಟ್ಟಿ ನೋಡಿ ತ್ರಿಕೋನ ಇಡುತ್ತದೆ. ತ್ರಿಕೋನದ ತುದಿ ಎಲ್ಲಿ ಕೂರಬೇಕು? ಒಂದು ಮೂಲೆ 100, ಇನ್ನೊಂದು 500 ಇದ್ದರೆ 300ರ ಅಂಚು ನಟ್ಟನಡುವೆ. 200ರದು ಕಾಲು ದೂರದಲ್ಲಿ. ಇಷ್ಟು ಸರಳವಾದ ಲೆಕ್ಕದಿಂದ ದವಡೆಯ ನುಣುಪು ಮೂಡುವುದನ್ನು ಪರದೆಯ ಮೇಲೆ ನೋಡುವ ಸುಖ ದೊಡ್ಡದು. ಮೂಲ ಪಟ್ಟಿಯಲ್ಲಿ ಕೆಲವು ಘನಗಳ ನಡುವೆ ತೂತು ಬೀಳುವ ದೋಷವಿತ್ತು. ಮರುವರ್ಷವೇ ಅದು ಬೆಳಕಿಗೆ ಬಂತು. ಮುಂದಿನ ಪಟ್ಟಿಗಳು ತಿದ್ದಿಕೊಂಡವು.

ಈ ವಿಧಾನದ ಪೇಟೆಂಟ್ 2005ಕ್ಕೆ ಮುಗಿಯಿತು. ಪೈಥಾನ್ ಬಲ್ಲ ವಿದ್ಯಾರ್ಥಿಗೆ ಈಗ ಎಲ್ಲವೂ ಉಚಿತ: ಫೈಲು ಓದಲು ಪೈಡೈಕಾಮ್, ಮೇಲ್ಮೈ ತೆಗೆಯಲು ಸೈಕಿಟ್-ಇಮೇಜ್, ತೋರಿಸಲು ವಿಟಿಕೆ.

ಎಡವುವುದು ಬೇರೆ ಕಡೆ. ಸೀಳಿನೊಳಗೆ ಬಿಂದುಗಳ ಅಂತರ ಅರ್ಧ ಮಿಲಿಮೀಟರ್, ಸೀಳಿನಿಂದ ಸೀಳಿಗೆ ಐದು ಮಿಲಿಮೀಟರ್ ಇರಬಹುದು. ಇದನ್ನು ಕೋಡಿಗೆ ಹೇಳದಿದ್ದರೆ ತಲೆ ಚಪ್ಪಟೆಯಾಗುತ್ತದೆ. ಹೇಳಿದರೂ ಅಷ್ಟು ದಪ್ಪ ಸೀಳಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆದ್ದರಿಂದ ಸ್ಕ್ಯಾನ್ ಕೇಂದ್ರದಲ್ಲಿ ತೆಳು ಸೀಳುಗಳ ಸಿ.ಡಿ.ಯನ್ನೇ ಕೇಳಿ ಪಡೆಯುವುದು ಲೇಸು. ಕಣ್ಣುಗೂಡಿನ ಒಳಗೋಡೆಯ ಎಲುಬು ಅರ್ಧ ಮಿಲಿಮೀಟರಿಗಿಂತ ತೆಳು. ಅದರ ಸಂಖ್ಯೆ ಸುತ್ತಲಿನ ಕೊಬ್ಬು, ಗಾಳಿಯ ಜೊತೆ ಸರಾಸರಿಯಾಗಿ 300ಕ್ಕಿಂತ ಕೆಳಗಿಳಿದು, ಗಟ್ಟಿ ಗೋಡೆಯಿರುವಲ್ಲಿ ಇಲ್ಲದ ತೂತು ಕಾಣಿಸುತ್ತದೆ. ಚಿತ್ರ ನುಣುಪಾಗಲೆಂದು ಅತಿಯಾಗಿ ತೀಡಿದರೆ ಕೂದಲೆಳೆಯ ಬಿರುಕು ಮಾಯವಾಗುತ್ತದೆ. ಚೆಂದದ ಬುರುಡೆಗಿಂತ ಒರಟಾದ, ನಿಜವಾದ ಬುರುಡೆಯೇ ಮೇಲು. ಮೂಳೆ ಮುರಿದಿದೆಯೇ ಎಂದು ತೀರ್ಮಾನಿಸಲು ವೈದ್ಯರು ಮೂಲ ಸೀಳುಗಳಿಗೆ ಮರಳುವುದೂ ಇದಕ್ಕಾಗಿಯೇ.

ಇನ್ನೊಂದು ಎಚ್ಚರ. ಅದೇ ಕೋಡಿನಲ್ಲಿ ಥ್ರೆಶೋಲ್ಡನ್ನು ಮೈನಸ್ 300ಕ್ಕೆ ಇಳಿಸಿದರೆ ಎಲುಬಿನ ಬದಲು ಚರ್ಮ ಬರುತ್ತದೆ: ಮೂಗು, ತುಟಿ, ಕಿವಿ. ಫೈಲಿನಿಂದ ಹೆಸರು ಅಳಿಸಿದ್ದರೂ ಮುಖ ಉಳಿದಿರುತ್ತದೆ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಸಂಶೋಧಕರು 84 ಜನರ ಎಂಆರ್‌ಐ ಸ್ಕ್ಯಾನಿನಿಂದ ಮುಖ ಕಟ್ಟಿ, ಮುಖ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರು; 70 ಜನರ ಫೋಟೊ ಸರಿಯಾಗಿ ಹೊಂದಿತು. ಸಂಶೋಧನೆಗೆಂದು ಹಂಚುವ ತಲೆಯ ಸ್ಕ್ಯಾನುಗಳಲ್ಲಿ ಮುಖದ ಭಾಗವನ್ನು ಅಳಿಸಿ ಕೊಡುವ ರೂಢಿ ಇಂಥ ಅಪಾಯ ತಪ್ಪಿಸಲೆಂದೇ ಬೆಳೆದಿದೆ. ನೆಂಟರ ಸಿ.ಡಿ. ಇಟ್ಟುಕೊಂಡು ಕೋಡ್ ಕಲಿಯುವವರು ಅವರ ಒಪ್ಪಿಗೆ ಕೇಳಬೇಕು. ಮೂಡಿದ ಮಾದರಿಯನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಕೆಂದರೆ ಕೆನ್ನೆ, ಮೂಗಿನ ಭಾಗ ಕತ್ತರಿಸಿ ಕಳಿಸಬೇಕು. ಕೋಡಿನಲ್ಲಿ ಅದಕ್ಕೆ ಒಂದೆರಡು ಸಾಲು ಸಾಕು.