‘ಮೂನ್‌ಸ್ಟೋನ್’ ಕಾದಂಬರಿಯಲ್ಲಿ ಸಾಕ್ಷ್ಯ ವಿಚಾರ

ವಿಲ್ಕಿ ಕಾಲಿನ್ಸನ ‘ಮೂನ್‌ಸ್ಟೋನ್’ (೧೮೬೮) ಎಂಬ ಆಂಗ್ಲ ಪತ್ತೇದಾರಿ ಕಾದಂಬರಿಯು ೧೭೯೯ನೆಯ ಮೇ ೪ರ ಶ್ರೀರಂಗಪಟ್ಟಣದ ಪತನದಿಂದ ಮೊದಲಾಗುತ್ತದೆಯಾದ ಕಾರಣ, ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಅದು ತೀರ ಪರಕೀಯವೆನಿಸದು. ಕೋಟೆಯ ಲೂಟಿಯಲ್ಲಿ ಹರ್ನ್‌ಕಾಸಲ್ ಎಂಬ ಸೇನಾಧಿಕಾರಿಯು ಹಳದಿ ವಜ್ರವೊಂದನ್ನು ಅಪಹರಿಸುತ್ತಾನೆ. ಅವನು ಕಾವಲಿನವರನ್ನು ಕೊಂದುದನ್ನು ಕಣ್ಣಾರೆ ಕಂಡವರಿಲ್ಲ; ರಕ್ತಸಿಕ್ತ ಕಠಾರಿಯನ್ನು ಮಾತ್ರ ಕಂಡ ದಾಯಾದಿಯೊಬ್ಬನ ಬರಹವೇ ಮೊದಲ ಸಾಕ್ಷ್ಯ.

ವಜ್ರವು ಸೋಮನಾಥದ ಚಂದ್ರದೇವತೆಯದೆಂದೂ, ತಲೆಮಾರುಗಳಿಂದ ಮೂವರು ಬ್ರಾಹ್ಮಣರು ಅದನ್ನು ಹಿಂಬಾಲಿಸುತ್ತಿರುವರೆಂದೂ ಐತಿಹ್ಯ. ಸೋಮನಾಥದಲ್ಲಿ ಪೂಜೆಗೊಂಡುದು ಚಂದ್ರನಲ್ಲ, ಚಂದ್ರನಿಗೆ ಒಡೆಯನಾದ ಶಿವನ ಲಿಂಗ. ಈ ತಪ್ಪನ್ನು ನಾವು ದೊಡ್ಡದು ಮಾಡುವುದಿಲ್ಲ. ಶಾಪದ ಮಾತು ಮುಂದಾದಂತೆಲ್ಲ ಲೂಟಿಯ ಮಾತು ಹಿಂದಾಗುವುದೆಂಬುದನ್ನು ಮಾತ್ರ ಗಮನಿಸಬೇಕು.

೧೮೪೮ರಲ್ಲಿ ಯಾರ್ಕ್‌ಷೈರಿನ ಮನೆಯೊಂದರಿಂದ ವಜ್ರವು ಕಾಣೆಯಾಗುತ್ತದೆ. ಮನೆಯ ಪಾರುಪತ್ಯಗಾರ ಬೆಟರೆಜ್, ಮತನಿಷ್ಠೆಯ ಬಡ ಬಂಧು ಕ್ಲ್ಯಾಕ್, ವಕೀಲ ಬ್ರಫ್, ವೈದ್ಯನ ಸಹಾಯಕ ಜೆನಿಂಗ್ಸ್ ಮುಂತಾದವರು ತಾವು ತಾವು ಕಂಡುದನ್ನಷ್ಟೇ ಬರೆಯಬೇಕೆಂಬುದು ನಿಯಮ. ನ್ಯಾಯಾಲಯದ ಕ್ರಮವಿದೆಂದು ಹಲವರು ಮೆಚ್ಚಿದ್ದಾರೆ. ನಮಗೆ ಸಂದೇಹವಿದೆ. ಈ ಹೇಳಿಕೆಗಳನ್ನೆಲ್ಲ ಬರೆಯಿಸಿ ಕೂಡಿಸುವವನು ಫ್ರಾಂಕ್ಲಿನ್ ಬ್ಲೇಕ್; ಅಫೀಮಿನ ಮಂಪರಿನಲ್ಲಿ, ತನಗೇ ಅರಿವಿಲ್ಲದೆ, ವಜ್ರವನ್ನು ಎತ್ತಿಕೊಂಡವನೂ ಅವನೇ. ದಫ್ತರವನ್ನು ಸಿದ್ಧಪಡಿಸಿದವನು ಯಾರೆಂದು ಕೇಳದೆ ದಫ್ತರವನ್ನು ಓದುವ ಅಭ್ಯಾಸವು ಇತಿಹಾಸಕಾರರಲ್ಲಿಯೂ ಇಲ್ಲದಿಲ್ಲ.

ಸತ್ಯವನ್ನು ಬಲ್ಲವಳೊಬ್ಬಳು ದಾಸಿ ರೊಸಾನಾ. ಹಿಂದೆ ಕಳ್ಳಿಯೆಂದು ಸೆರೆಮನೆ ಕಂಡವಳು. ಬಣ್ಣ ಹತ್ತಿದ ಬ್ಲೇಕನ ರಾತ್ರಿಯುಡುಪನ್ನು ಅವನ ಮೇಲಣ ಪ್ರೇಮದಿಂದ ಕಡಲಂಚಿನ ಹುದುಲು ಮರಳಿನಲ್ಲಿ ಬಚ್ಚಿಟ್ಟು, ಅಲ್ಲಿಯೇ ಪ್ರಾಣ ನೀಗುತ್ತಾಳೆ. ಅವಳು ಬದುಕಿದ್ದಾಗ ಕಿವಿಗೊಟ್ಟವರಿಲ್ಲ. ಅವಳ ಪತ್ರವು ತಡವಾಗಿ ಕೈಸೇರಿದಾಗ ಬ್ಲೇಕನು ಅದನ್ನು ಕೊನೆಯವರೆಗೆ ಓದಲಾರದೆ ಬೆಟರೆಜನ ಕೈಗೆ ಕೊಡುತ್ತಾನೆ! ಇಡೀ ಕೃತಿಯಲ್ಲಿ ನಮ್ಮನ್ನು ಹೆಚ್ಚು ಕಲಕಿದ ಸನ್ನಿವೇಶವಿದು.

ಆಕೆಯ ಗೆಳತಿ, ಬೆಸ್ತರ ಮಗಳು ಕುಂಟಿ ಲೂಸಿ, ಬಡವರು ಸಿರಿವಂತರ ಮೇಲೆ ಏಳುವ ದಿನ ದೂರವಿಲ್ಲವೆಂದು ಸಿಡಿಯುತ್ತಾಳೆ. ಯೂರೋಪಿನಲ್ಲಿ ಸಿಂಹಾಸನಗಳು ನಡುಗಿದ ವರ್ಷವದು. ಲಂಡನ್ನಿನಲ್ಲಿ ಚಾರ್ಟಿಸ್ಟರು ನೆರೆದುದೂ ಆಗಲೇ. ಆದರೆ ಲೂಸಿಯ ಮಾತು ನಮಗೆ ತಲಪುವುದು ಒಡೆಯರ ಅನ್ನವುಂಡ ಬೆಟರೆಜನ ಲೇಖನಿಯಿಂದ, ಅವನ ಮುನಿಸನ್ನೂ ಬೆರಸಿಕೊಂಡು.

ಮೂವರು ಬ್ರಾಹ್ಮಣರ ಪಾಲಿಗೆ ಅಷ್ಟೂ ಇಲ್ಲ. ವಜ್ರವು ಸೋಮನಾಥಕ್ಕೆ ಮರಳಿದ ವೃತ್ತಾಂತವನ್ನು ಬರೆಯುವವನು ವೇಷ ಮರೆಸಿಕೊಂಡು ಜನರ ನಡುವೆ ನಿಂತು ನೋಡಿದ ಮರ್ಥ್‌ವೈಟ್ ಎಂಬ ಆಂಗ್ಲ ಪ್ರವಾಸಿ.